ಹಾಲಿನ ಕ್ಯಾನಿನ ಪೆಟ್ರೋಲು

ನಂದಿದುರ್ಗ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳನ್ನು ದಾಟಿದೊಡನೆ ನನ್ನ ಎರಡು ಸೀಟಿನ ಪುಟ್ಟ ವಿಮಾನದ ಎಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದೆ, ಬೈದೆ, ದೇವರಿಗೆ ಕೈಮುಗಿದೆ. ಅದು ಒಮ್ಮೆ ಕೆಮ್ಮಲೂ ಇಲ್ಲ. ಕೆಳಗೆ ಕರೆಂಟಿನ ತಂತಿ, ಅದರಾಚೆ ರಾಗಿ ಹೊಲ. ವಿಮಾನದ ಮೂಗು ಮೇಲೆತ್ತಿದರೆ ವೇಗ ಸತ್ತು ಕಲ್ಲಿನಂತೆ ಬೀಳುತ್ತೇನೆಂದು ಗೊತ್ತಿತ್ತು. ಆದರೂ ಪಾಪಿ ಕೈ ಮೂಗೆತ್ತುವ ಹಿಡಿಯನ್ನು ಹಿಂದಕ್ಕೆ ಎಳೆಯುತ್ತಲೇ ಇತ್ತು. ಹಲ್ಲು ಕಚ್ಚಿ ಮುಂದಕ್ಕೆ ತಳ್ಳಿದೆ. ವಿಮಾನ ತಂತಿಯನ್ನು ಹೇಗೋ ದಾಟಿತು. ಹೊಲಕ್ಕೆ ಇಳಿದಾಗ ಚಕ್ರ ಮುರಿಯಿತು, ನಾನು ಉಳಿದೆ.

ನಮ್ಮದು ಡೈರಿಗೆ ಹಾಲು ಹಾಕುವ ಮನೆ. ನಾನು ಪೆಟ್ರೋಲು ತರುತ್ತಿದ್ದುದು ಹಳೆಯ ಹಾಲಿನ ಕ್ಯಾನಿನಲ್ಲಿ. ಖಾಲಿ ಕ್ಯಾನು ಕಂಡರೆ ನೀರು ಹಾಕಿ ಕುಲುಕಿಡುವುದು ನಮ್ಮ ಹೆಂಗಸರ ರೂಢಿ. ತಳದಲ್ಲಿ ಉಳಿದ ನೀರಿನ ಮೇಲೆಯೇ ನಾನು ಪೆಟ್ರೋಲು ತುಂಬಿಸಿ ತಂದು ವಿಮಾನದ ಟ್ಯಾಂಕಿಗೆ ಸುರಿದಿದ್ದೆ.

"ಕ್ಯಾನಿಗೆ ನೀರು ಹಾಕಿದ್ದು ಯಾರು?" ಎಂದು ಮನೆಗೆ ಬಂದು ಅರಚಿದೆ.

"ನಾನೇ ಕಣಪ್ಪ," ಅಂದರು ಅತ್ತಿಗೆ. "ತೊಳೀದೆ ಇಕ್ತಾರಾ? ಡೈರೀಲಿ ದಿನಾ ನಮ್ ಆಲಲ್ಲಿ ನೀರೈತಾ ಅಂತ ನೋಡೇ ತಕ್ಕೊಳ್ಳೋದು. ನೀನು ನೋಡ್ನಿಲ್ವಾ?"

ಹಾರುವ ಮುಂಚೆ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಸೀಸೆಗೆ ಬಿಟ್ಟು ನೋಡಿದರೆ, ನೀರು ಅಡಿಯಲ್ಲಿ ನಿಂತು ಕಾಣುತ್ತದೆ. ಆ ಸೀಸೆ ಆಗಲೂ ನನ್ನ ಜೇಬಿನಲ್ಲೇ ಇತ್ತು, ಒಣಗಿಕೊಂಡು.