ಹಿಂದಿನ ಸೀಟಿನ ಪೆಡಲು

ಯಾರು ಏನು ಕಷ್ಟ ಹೇಳಿಕೊಂಡರೂ ನಮ್ಮ ಭಾವನ ಕೈ ಮೊದಲು ಹುಡುಕುವುದು ಸ್ಪಾನರನ್ನು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಸೈಕಲ್ ರಿಪೇರಿ ಅಂಗಡಿ. ಅದರ ವೈಭವ ಎಷ್ಟೆಂದರೆ, ಸೈಕಲ್ ಒಳಗಿದ್ದರೆ ಭಾವ ಹೊರಗೆ, ಭಾವ ಒಳಗಿದ್ದರೆ ಸೈಕಲ್ ಹೊರಗೆ. ಊರಿನವರು ಅವರ ಹೆಸರನ್ನು ಮರೆತೇಬಿಟ್ಟು ‘ಸ್ಪಾನರ್’ ಅಂತಲೇ ಕರೆಯುತ್ತಾರೆ. ಅವರಿಗೂ ಅದೇ ಇಷ್ಟ.

ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಅಂಗಡಿಯ ಮೇಲಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮಂಡಿ ನೋಯುತ್ತದೆ ಅಂದಳು, ಭಾವ ಹೊಲಿಗೆ ಯಂತ್ರಕ್ಕೆ ಮೋಟಾರು ಕೂರಿಸಿದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂದಳು, ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹೊಡೆದರು. “ಡಾಕ್ಟರಿಗೆ ತೋರಿಸಿ ಭಾವ” ಅಂತ ನಾನು ಹೇಳಿದರೆ, “ನಿಮ್ಮಕ್ಕನೇ ಬರಲ್ಲ ಅಂತಾಳೆ” ಅನ್ನುವುದು. ಅವಳನ್ನು ಕೇಳಿದರೆ, “ವಯಸ್ಸಾಯ್ತು ಕಣೇ, ಹಳೇ ಬಟ್ಟೆಗೆ ಎಷ್ಟು ಅಂತ ತೇಪೆ ಹಾಕೋದು” ಅಂತ ನಕ್ಕು ಸೂಜಿಗೆ ದಾರ ಪೋಣಿಸುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಈ ಜೋಡಿ ಹಾಗೂ ಅಲ್ಲ, ಇಬ್ಬರೂ ಸೇರಿ ನೀರಿಗೇ ಎಳೆಯುವವರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗಲೂ ಇಳಿದಿಲ್ಲ.

ಊರು ದಾಟಿದರೆ ಕಾಡು. ಕಾಡಿನ ನಡುವೆ ಹಳೆಯ ಡಾಂಬರು ರಸ್ತೆಯೊಂದಿದೆ. ಹೆದ್ದಾರಿ ಬೇರೆ ಕಡೆಯಿಂದ ಹೋದ ಮೇಲೆ ಈ ರಸ್ತೆಗೆ ಗೇಟು ಹಾಕಿ, ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ ಅಂತ ಬೋರ್ಡು ನೆಟ್ಟರು. ಸೈಕಲ್ಲಿನವರು ಮತ್ತು ನಡೆಯುವವರು ಮಾತ್ರ ಒಳಗೆ ಹೋಗಬಹುದು. ರಸ್ತೆಗೆ ಅವಸರವಿಲ್ಲ, ಒಂದು ಕೊಳದ ದಂಡೆ ಸುತ್ತಿ, ಮರಗಳ ಒಳಗೆ ನುಸುಳಿ, ಮತ್ತೊಂದು ಕೊಳದ ಮಗ್ಗುಲಿಗೆ ಬರುತ್ತದೆ. ಚೈನಿನ ಸದ್ದು, ಟೈರಿನ ಕೆಳಗೆ ಒಣ ಎಲೆಯ ಸದ್ದು, ಕಪ್ಪೆ ನೀರಿಗೆ ಹಾರಿದ ಸದ್ದು, ಅಷ್ಟೇ. ಅಕ್ಕನಿಗೆ ಆ ರಸ್ತೆಯ ಮೇಲೆ ಪ್ರಾಣ. ಆದರೆ ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ಸೈಕಲ್ ರಿಪೇರಿಯವನ ಹೆಂಡತಿಗೆ ಬ್ಯಾಲೆನ್ಸ್ ಬರುವುದಿಲ್ಲ ಅಂದರೆ ಊರು ಬಿಡುತ್ತದೆಯೇ, ನಗುತ್ತಿತ್ತು.

ಯಾರೋ ಗುಜರಿಗೆ ಹಾಕಿದ್ದ ಜೋಡಿ ಸೈಕಲ್ಲನ್ನು ಭಾವ ತಂದದ್ದು ಆಗಲೇ. ಒಂದರ ಹಿಂದೆ ಒಂದು ಸೀಟು, ಇಬ್ಬರಿಗೂ ಪೆಡಲು. ಇಂಥ ಸೈಕಲ್ಲಿನಲ್ಲಿ ಎರಡು ಜೊತೆ ಪೆಡಲಿಗೂ ಒಂದೇ ಚೈನಿನ ನಂಟು. ಮುಂದಿನವರು ತುಳಿದರೆ ಹಿಂದಿನವರ ಕಾಲು ಬೇಡವೆಂದರೂ ತಿರುಗಲೇಬೇಕು, ಹಿಂದಿನವರು ಬಿಗಿ ಹಿಡಿದರೆ ಮುಂದಿನವರ ಕಾಲು ಆ ಕ್ಷಣವೇ ತಡೆದು ನಿಲ್ಲುತ್ತದೆ. ಮೊದಲ ಸಲ ಹೋಗಿ ಬಂದ ಅಕ್ಕ, “ಗಾಣದೆತ್ತಿಗಾದ್ರೂ ನಿಲ್ಲೋ ಸ್ವಾತಂತ್ರ್ಯ ಇದೆ ಕಣ್ರೀ” ಅಂದಳು. ಭಾವ ಸ್ಪಾನರ್ ಎತ್ತಿಕೊಂಡರು. ಹಿಂದಿನ ಪೆಡಲಿಗೆ ಅಂತಲೇ ಬೇರೆ ಒಂದು ಫ್ರೀವೀಲು ಕೂರಿಸಿದರು. ಅಕ್ಕ ತುಳಿದರೆ ಅವಳ ಬಲವೂ ಸೇರುತ್ತದೆ. ನಿಲ್ಲಿಸಿದರೆ ಅವಳ ಪೆಡಲು ತೆಪ್ಪಗೆ ನಿಲ್ಲುತ್ತದೆ, ಮುಂದಿನವರ ಕಾಲಿಗೆ ಗೊತ್ತೂ ಆಗುವುದಿಲ್ಲ.

“ಇನ್ಮೇಲೆ ನೀನು ಮಹಾರಾಣಿ. ತುಳಿದ್ರೆ ತುಳಿ, ಬಿಟ್ರೆ ಬಿಡು” ಅಂದರು ಭಾವ. ಅವರು ಜೀವನದಲ್ಲಿ ಆಡಿದ ಪ್ರೀತಿಯ ಮಾತು ಅದೊಂದೇ ಇರಬೇಕು.

ಪ್ರತಿ ರಜಾದಿನ ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದರು. ಗೇಟು ಕಾಯುವ ಹೆಂಗಸು, ನಮ್ಮೆಲ್ಲರ ಬಾಯಲ್ಲಿ ಗೇಟಮ್ಮ, ಕಂಬಿ ಎತ್ತಿ ಒಳಗೆ ಬಿಡುತ್ತಿದ್ದಳು. ಹಿಂದಿನ ಸೀಟಿನಿಂದ ಅಕ್ಕ ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾರ ರವಿಕೆ ಬಿಗಿಯಾಯಿತು, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಸಣ್ಣಗಾದರು, ಎಲ್ಲ. ಏರು ಬಂದರೆ ಭಾವ, “ತುಳೀತಿದ್ದೀಯೇನೇ?” ಅಂತ ಕೇಳುವುದು. “ತುಳೀದೆ ಮತ್ತೆ? ನಿಮ್ಮನ್ನ ದಬ್ತಾ ಇರೋರು ಯಾರು ಅಂದ್ಕೊಂಡ್ರಿ?” ಅನ್ನುವುದು ಅವಳು.

ಹೋದ ಬೇಸಿಗೆಯ ಹೊತ್ತಿಗೆ ಭಾವನಿಗೆ ಸೈಕಲ್ ಭಾರ ಅನ್ನಿಸತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡುತ್ತಿದ್ದರು. ಇವರು ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಚೈನು ಬದಲಾಯಿಸಿದರು. ಚಕ್ರದ ಅಚ್ಚು ಬಿಚ್ಚಿ ಬೇರಿಂಗಿನ ಗೋಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಬ್ರೇಕು ಉಜ್ಜುತ್ತಿದೆಯೇನೋ ಅಂತ ಸಡಿಲಿಸಿದರು. ಆದರೂ ಭಾರ. ಮತ್ತೆ ಓವರಾಯಿಲಿಂಗ್. ಅಕ್ಕ ಮೆಟ್ಟಿಲ ಮೇಲೆ ಕೂತು ಗೋಲಿಗಳ ಬಟ್ಟಲು ಹಿಡಿದುಕೊಂಡಿರುತ್ತಿದ್ದಳು.

“ಬೇರಿಂಗೇ ಇರ್ಬೇಕು ಕಣ್ರೀ” ಅಂತ ತಾನೂ ಒಂದು ಮಾತು ಸೇರಿಸುತ್ತಿದ್ದಳು, ಕಳ್ಳಿ.

ಇನ್ನೊಂದು ಬದಲಾವಣೆಯೂ ಆಯಿತು. ಅಕ್ಕ ಸೈಕಲ್ ಮೇಲೆ ಮಾತು ಕಡಿಮೆ ಮಾಡಿ, “ಇವತ್ತು ನೀವೇ ಏನಾದ್ರೂ ಹೇಳ್ರಿ” ಅನ್ನತೊಡಗಿದಳು. ಸಂಸಾರ ಹೂಡಿದಾಗಿನಿಂದ ಬಾಯಿ ತೆರೆಯಲು ಪುರುಸೊತ್ತು ಸಿಗದಿದ್ದ ಮನುಷ್ಯ. ಖುಷಿಯಾಗಿ, ಯಾವ ಕೊಳದಲ್ಲಿ ನೀರು ಇಳಿದಿದೆ, ಯಾವ ಮರ ಒಣಗಿದೆ ಅಂತ ದಾರಿಯುದ್ದಕ್ಕೂ ಹೇಳುತ್ತಾ ಹೋದರು. ಮಾತಾಡಲು ಅವಳಿಗೆ ಉಸಿರು ಸಾಲುತ್ತಿಲ್ಲ ಅಂತ ಅವರಿಗೆ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಆ ದಿನ ದೊಡ್ಡ ಕೊಳದ ಹತ್ತಿರ ಅಕ್ಕ ನಿಲ್ಲಿಸಲು ಹೇಳಿದಳಂತೆ. ಅಲ್ಲೊಂದು ಕಲ್ಲುಬೆಂಚು ಇದೆ. “ನಾನಿಲ್ಲಿ ಬಾತುಕೋಳಿ ನೋಡ್ತಾ ಕೂತಿರ್ತೀನಿ. ನೀವು ಕೊನೇ ಕೊಳದ ತನಕ ಹೋಗಿ ಬನ್ನಿ” ಅಂದಳಂತೆ. ಭಾವ ನೀರಿನ ಬಾಟಲಿ ಅವಳ ಪಕ್ಕದಲ್ಲಿಟ್ಟು ಒಬ್ಬರೇ ಹೊರಟರು.

ಒಬ್ಬರೇ ತುಳಿದಾಗ ಸೈಕಲ್ ಹಗುರವಾಗಿ ಓಡಿತು. ಸವಾರಿ ಒಂದು ಇಳಿದರೆ ಹಗುರವಾಗುವುದು ಸಹಜ, ಆದರೆ ಭಾವ ಕಸುಬುದಾರ. ಗುಡ್ಡದ ಏರಿನಲ್ಲೂ ಕಾಲು ಸಲೀಸಾಗಿ ತಿರುಗಿದಾಗ ಅವರಿಗೆ ಅರ್ಥವಾಯಿತು. ಚೈನಿನಲ್ಲಿ ದೋಷವಿಲ್ಲ. ಬೇರಿಂಗಿನಲ್ಲಿ ಇಲ್ಲ. ಮಹಾರಾಣಿ ಇಷ್ಟು ದಿನ ತುಳಿಯುತ್ತಲೇ ಇರಲಿಲ್ಲ! ಅವರಿಗೆ ನಗು ಬಂತು. ತಾನು ಗೋಲಿ ತೊಳೆದೂ ತೊಳೆದೂ ಸಾಯುತ್ತಿದ್ದರೆ ಇವಳು ಕಾಲು ಚಾಚಿ ಮೆರವಣಿಗೆ ಮಾಡಿಸಿಕೊಳ್ಳುತ್ತಿದ್ದಾಳೆ. ಕೊನೆಯ ಕೊಳದ ತನಕ ಹೋಗಲೇ ಇಲ್ಲ, ಅರ್ಧದಲ್ಲೇ ಸೈಕಲ್ ತಿರುಗಿಸಿದರು. ಹೇಗೆ ಕಾಡಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಒಬ್ಬರೇ ನಗುತ್ತಾ ಬಂದರು.

ದೂರದಿಂದಲೇ ಕೂಗಿದರಂತೆ: “ಸಿಕ್ಕಿಬಿದ್ದೆ ಕಣೇ!”

ಅಕ್ಕ ಬೆಂಚಿನ ಮೇಲೆ ಒರಗಿಕೊಂಡಿದ್ದಳು. ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟುವ ತನಕ ಭಾವ ನಗುತ್ತಲೇ ಇದ್ದರು. ಇದನ್ನು ಅವರೇ ನನಗೆ ಹೇಳಿದ್ದು. “ನಾನು ನಗ್ತಾ ಇದ್ದೆ” ಅಂತ ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಅವಳ ಎದೆ ಬಹಳ ದಿನದಿಂದ ಸೋತಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು.

ಎಲ್ಲ ಮುಗಿದ ಮೇಲೆ ಗೇಟಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು.

“ಅಣ್ಣ, ನೀವು ಮುಂದೆ ನೋಡ್ತಾ ಹೋಗ್ತಿದ್ರಿ. ನನಗೆ ಹಿಂದಿನಿಂದ ಕಾಣ್ತಿತ್ತು. ಅಕ್ಕನ ಕಾಲು ತಿರುಗ್ತಾ ಇರ್ಲಿಲ್ಲ.”

“ಯಾವಾಗಿಂದ?” ಅಂದರು ಭಾವ.

“ಎಲೆ ಉದುರೋ ಕಾಲದಿಂದ. ನಾನು ಕೇಳೋಕೆ ಬಾಯಿ ತೆರೆದ್ರೆ ತುಟಿ ಮೇಲೆ ಬೆರಳಿಟ್ಕೊಂಡು ಬೇಡ ಅನ್ನೋರು. ಒಂದು ಸಲ ನೀವು ಗಾಳಿ ಹೊಡೀತಿದ್ದಾಗ ನನ್ನ ಹತ್ರ ಬಂದು ಹೇಳಿದ್ರು. ಇವರಿಗೆ ಗೊತ್ತಾದ್ರೆ ಸೈಕಲ್ಲನ್ನ ಗೋಡೆಗೆ ಒರಗಿಸಿಬಿಡ್ತಾರೆ, ಆಮೇಲೆ ನನಗೆ ಈ ರಸ್ತೆ ಇಲ್ಲ, ಇವರಿಗೆ ಮಾತು ಇಲ್ಲ ಅಂತ.”

ನನ್ನ ರಕ್ತ ಕುದಿಯಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಯಾಕೆ ಬಂದೆ ಅಂತ ಗದರಿದೆ. ಭಾವ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. “ಅವಳ್ದೇನು ತಪ್ಪು? ಫ್ರೀವೀಲು ಹಾಕಿದ್ದು ನಾನು” ಅಂದು, ಗೋಡೆಯ ಕಡೆ ಮುಖ ಮಾಡಿ ಅತ್ತರು. ಅಷ್ಟು ದೊಡ್ಡ ಮನುಷ್ಯ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟಿಗೆ ಹೋಗಲು ಜಾಗವೇ ಉಳಿಯಲಿಲ್ಲ.

ಮರುದಿನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಭಾವ ಹಿಂದಿನ ಪೆಡಲಿನ ಫ್ರೀವೀಲು ಬಿಚ್ಚುತ್ತಿದ್ದರು. ಅದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಹೊಡೆದು ಕೊನೆಗೂ ತೆಗೆದು, ಆ ಜಾಗಕ್ಕೆ ಮೊದಲಿನ ಹಲ್ಲುಚಕ್ರವನ್ನೇ ಕೂರಿಸಿದರು. ಎರಡು ಜೊತೆ ಪೆಡಲೂ ಮತ್ತೆ ಒಂದಕ್ಕೊಂದು ಅಂಟಿಕೊಂಡವು.

“ಕೂರೋರು ಯಾರು ಭಾವ ಈಗ?” ಅಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

“ನೀನು ಒಂದು ಸಲ ಬಾ” ಅಂದರು.

ಹೋದೆವು. ಗೇಟಮ್ಮ ತಲೆ ತಗ್ಗಿಸಿಕೊಂಡೇ ಕಂಬಿ ಎತ್ತಿದಳು. ಭಾವನ ಬೆನ್ನು ಬಿಟ್ಟರೆ ಮುಂದೆ ನನಗೇನೂ ಕಾಣುತ್ತಿರಲಿಲ್ಲ. ಅಕ್ಕ ನೋಡುತ್ತಿದ್ದದ್ದೂ ಇದನ್ನೇ, ಕಾಲು ನಿಲ್ಲಿಸಿಕೊಂಡು, ಈ ಬೆವತ ಅಂಗಿಯನ್ನು. ಪೆಡಲು ನನ್ನ ಕಾಲನ್ನು ತಾನೇ ತಿರುಗಿಸುತ್ತಿತ್ತು. ಒಂದು ಕೊಳ ಹಿಂದಾಯಿತು, ಇನ್ನೊಂದು ಬಂತು. ದೊಡ್ಡ ಕೊಳದ ತಿರುವಿನಲ್ಲಿ ಕಲ್ಲುಬೆಂಚು ಕಂಡಿತು. ನನ್ನ ಕಾಲು ಬಿಗಿದು ನಿಂತುಬಿಟ್ಟಿತು.

ಆ ಕ್ಷಣವೇ ಭಾವ ಬ್ರೇಕು ಹಿಡಿದರು. ಸೈಕಲ್ ಪೂರ್ತಿ ನಿಲ್ಲುವ ಮುಂಚೆಯೇ ಇಳಿದು, ಹಿಂದಕ್ಕೆ ಬಂದು, ನನ್ನ ಎರಡೂ ಭುಜ ಹಿಡಿದುಕೊಂಡು ಮುಖ ನೋಡಿದರು.

“ಏನಾಯ್ತು? ಉಸಿರು ಸರಿಯಾಗಿ ಬರ್ತಿದ್ಯಾ? ಎದೆ ನೋಯ್ತಿದ್ಯಾ? ಹೇಳೇ.”

“ಏನಿಲ್ಲ ಭಾವ” ಅಂದೆ.

“ಗೊತ್ತಾಯ್ತು ನನಗೆ” ಅಂದರು ಅವರು, ನನ್ನ ಭುಜ ಬಿಡದೆ. “ನೀನು ನಿಲ್ಲಿಸಿದ ತಕ್ಷಣ ಗೊತ್ತಾಯ್ತು.”