ಹ್ಯಾಂಡ್‌ಬ್ರೇಕಿನ ವೈರು

ದೊಡ್ಡ ಪಾಪಗಳೆಲ್ಲ ಸಣ್ಣ ಅಸಡ್ಡೆಯಿಂದಲೇ ಹುಟ್ಟುತ್ತವೆ — ಇಷ್ಟು ಬರೆದು ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಗಂಭೀರವಾಗಿದೆ, ಶಾಲು ಹೊದ್ದು ವೇದಿಕೆಯ ಮೇಲೆ ನಿಂತು ಹೇಳಬಹುದು. ಆದರೆ ನಾನು ಹೇಳಬೇಕಾಗಿರುವುದು ಗೇಣುದ್ದದ ಒಂದು ವೈರಿನ ವಿಷಯ. ಅದನ್ನು ಸೇರಿಸಬಾರದ ಕಡೆ ಸೇರಿಸಿದವನು ನಾನು. ಹಾಗೆ ಸೇರಿಸಿದ್ದು ನಾನಲ್ಲ ಎಂದು ಸಾವಾದ ಮನೆಯವರ ಮುಂದೆ ಸುಳ್ಳು ಹೇಳಿದವನೂ ನಾನೇ. ಆ ಸುಳ್ಳಿನಿಂದ ಮಾದೇವಸ್ವಾಮಿ ಎಂಬ ಡ್ರೈವರ್ ಹೆಂಡತಿ ಮಗುವನ್ನು ಕಳೆದುಕೊಂಡ.

ಚಾಮರಾಜನಗರದಲ್ಲಿ ನನ್ನದೊಂದು ಅಂಗಡಿಯಿದೆ. ರೇಡಿಯೋ ರಿಪೇರಿಯಿಂದ ಶುರುವಾಗಿ, ಟೇಪ್ ರೆಕಾರ್ಡರ್ ಕಾಲವನ್ನು ದಾಟಿ, ಕಾರುಗಳಿಗೆ ಪರದೆ ಕೂರಿಸುವ ಮಟ್ಟಕ್ಕೆ ಏರಿತು. ಏರಿದ್ದು ಅಂಗಡಿ, ನಾನು ಅದೇ ಸ್ಟೂಲಿನ ಮೇಲಿದ್ದೇನೆ. ಊರಿಗೆ ಇವತ್ತಿಗೂ ನಾನು ರೇಡಿಯೋ ಶಿವಣ್ಣ. ಮೊದಲೆಲ್ಲ ಹೊಸ ಗಾಡಿ ತಂದವರು ಡ್ಯಾಶ್‌ಬೋರ್ಡಿನ ಮೇಲೆ ದೇವರನ್ನು ಕೂರಿಸಿ ನಿಶ್ಚಿಂತರಾಗುತ್ತಿದ್ದರು. ಈಗ ದೇವರು ಸ್ವಲ್ಪ ಎಡಕ್ಕೆ ಸರಿದು ಪರದೆಗೆ ಜಾಗ ಬಿಟ್ಟುಕೊಟ್ಟಿದ್ದಾನೆ. ಫೋನನ್ನು ಅದಕ್ಕೆ ಜೋಡಿಸಿದರೆ ಸಾಕು, ಮ್ಯಾಪು, ಕರೆ, ಹಾಡು, ಸಿನಿಮಾ — ಫೋನಿನೊಳಗಿರುವುದೆಲ್ಲ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ಪರದೆಯ ಹಿಂದೆ ವೈರುಗಳ ಗೊಂಚಲೊಂದು ಇರುತ್ತದೆ. ಅದರಲ್ಲಿ ತೆಳ್ಳನೆಯದೊಂದು ಹ್ಯಾಂಡ್‌ಬ್ರೇಕಿಗೆ ಹೋಗಬೇಕು. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ, ಅಂದರೆ ಗಾಡಿ ನಿಂತಿದ್ದರೆ, ವಿಡಿಯೋ ಕಾಣುತ್ತದೆ, ಇಳಿಸಿದರೆ ಮಾಯ. ಮ್ಯಾಪಿಗೂ ಕರೆಗೂ ಏನೂ ತೊಂದರೆಯಿಲ್ಲ. ಇದನ್ನು ಯೋಚಿಸಿದವರು ಬುದ್ಧಿವಂತರೇ. ಆದರೆ ಅವರು ನಮ್ಮ ಗಿರಾಕಿಗಳನ್ನು ಕಂಡವರಲ್ಲ. ಸರಿಯಾಗಿ ಜೋಡಿಸಿಕೊಟ್ಟರೆ ಮಾರನೆಯ ದಿನವೇ ಬಂದು, "ಏನ್ ಶಿವಣ್ಣ, ಡಬ್ಬಾ ಮಾಲ್ ಹಾಕ್ಬುಟ್ಟಿದ್ದೀಯಲ್ಲ, ಗಾಡಿ ಹೊಂಟೇಟ್ಗೆ ಪಿಚ್ಚರ್ ಓಯ್ತದೆ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಹಾಗಾಗಿ ನಮ್ಮ ಕಸುಬಿನಲ್ಲಿ ಒಂದು ರೂಢಿ ಬಂತು. ಆ ವೈರನ್ನು ಹ್ಯಾಂಡ್‌ಬ್ರೇಕಿನವರೆಗೆ ಒಯ್ಯುವುದೇ ಇಲ್ಲ. ಡ್ಯಾಶ್‌ಬೋರ್ಡಿನೊಳಗೆ ಸಿಕ್ಕ ಬೋಲ್ಟಿನ ಬಣ್ಣ ಕೆರೆದು ಅದಕ್ಕೇ ಬಿಗಿದುಬಿಡುವುದು. ಅಲ್ಲಿಂದಾಚೆಗೆ ಗಾಡಿ ಎಷ್ಟೇ ಜೋರಾಗಿ ಓಡುತ್ತಿರಲಿ, ಆ ಪರದೆಯ ಮಟ್ಟಿಗೆ ಅದು ನಿಂತೇ ಇರುತ್ತದೆ. ಗಿರಾಕಿಯೂ ಸುಖಿ, ನಾನೂ ಸುಖಿ.

ಮಾದೇವಸ್ವಾಮಿ ಉಮ್ಮತ್ತೂರಿನವನು. ನಗರದ ಸ್ಟ್ಯಾಂಡಿನಲ್ಲಿ ಏಳು ಸೀಟಿನ ಗಾಡಿಯಿಟ್ಟುಕೊಂಡು ಬಂಡೀಪುರ, ಊಟಿ, ವಯನಾಡು ಎಂದು ಬಾಡಿಗೆ ಓಡಿಸುತ್ತಿದ್ದ. ಪರದೆ ಹಾಕಿಸಲು ಬಂದವನು ಮೊದಲೇ ಹೇಳಿದ:

"ಅಣ್ಣ, ನಂಗೆ ಮ್ಯಾಪ್ ಬೇಕು. ಫೋನ್ ಬಂದ್ರೆ ಕಿವೀಗ್ ಹಿಡೀದೆ ಮಾತಾಡಂಗಿರ್ಬೇಕು. ಅಷ್ಟೆಯ. ಗಾಡಿ ಓಡ್ತಿದ್ದಾಗ ಪಿಚ್ಚರ್ ಮಾತ್ರ ಬರ್ಕೂಡ್ದು ಕಣಣ್ಣ."

"ಯಾಕ್ಲಾ, ಸನ್ಯಾಸ ತಕ್ಕಂಡ್ಯಾ?"

"ಮುಂದ್ಗಡೆ ಕೂತೋರು ಪಿಚ್ಚರ್ ಹಾಕು ಅಂತ ಪ್ರಾಣ ತಿಂತಾರೆ. ಹಾಕಕ್ಕಿಲ್ಲ ಅಂದ್ರೆ ನಾನ್ ಕೆಟ್ಟೋನು. ಮಿಷಿನ್ನೇ ತೋರ್ಸಕ್ಕಿಲ್ಲ ಅಂದ್ರೆ ಯಾರ್ ಮ್ಯಾಲೆ ಸಿಟ್ಟಾದಾರು? ಬಂಡೀಪುರ್ದಲ್ಲಿ ಆನೆ ಅಡ್ಡ ಬಂದ್ರೆ ಅದೇನ್ ಇಂಟರ್‌ವಲ್ ಬುಡ್ತದಾ?"

ನಕ್ಕೆ. "ಆಯ್ತು ಬುಡು" ಎಂದೆ.

ಆಯ್ತು ಎಂದೆ — ಮಾಡಲಿಲ್ಲ. ಹ್ಯಾಂಡ್‌ಬ್ರೇಕಿನವರೆಗೆ ವೈರು ಎಳೆಯಬೇಕಾದರೆ ಎರಡು ಸೀಟುಗಳ ನಡುವಿನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಬೇಕು. ಊಟದ ಹೊತ್ತಾಗಿತ್ತು. ಕೈ ರೂಢಿಯಂತೆ ಬೋಲ್ಟಿನ ಕಡೆಗೆ ಹೋಯಿತು ಎಂದು ಬರೆಯಬಹುದಿತ್ತು. ಆದರೆ ಕೈಯ ಮೇಲೆ ಹೊರಿಸಲಾರೆ. ನನಗೆ ಗೊತ್ತಿತ್ತು. ಇವತ್ತು ಹೀಗನ್ನುತ್ತಾನೆ, ನಾಳೆ ಇವನೇ ಬಂದು ಬದಲಾಯಿಸಿಕೊಡು ಅನ್ನುತ್ತಾನೆ ಎಂದುಕೊಂಡೆ. ಎಲ್ಲರಂತೆ ಇವನೂ ಒಬ್ಬ ಗಿರಾಕಿ — ಹಾಗೆಂದೇ ತಿಳಿದೆ. ನಿಂತ ಗಾಡಿಯಲ್ಲಿ ಹಾಡೊಂದನ್ನು ಹಾಕಿ, "ನೋಡು, ನಿಂತಾಗ ಬತ್ತದೆ" ಎಂದು ತೋರಿಸಿದೆ. ಮಾತು ನಿಜವೇ. ಓಡುವಾಗಲೂ ಬರುತ್ತದೆ ಎಂಬ ಉಳಿದರ್ಧವನ್ನು ನುಂಗಿಕೊಂಡೆ. ಅವನು ನನ್ನನ್ನು ನಂಬಿದ್ದರಿಂದ, ಓಡುವ ಗಾಡಿಯಲ್ಲಿ ಹಾಕಿ ಪರೀಕ್ಷೆ ಮಾಡುವ ಯೋಚನೆಯೇ ಅವನಿಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅವನು ಹೆಂಡತಿಯ ತಮ್ಮ ಕುಮಾರನನ್ನು ಕೂರಿಸಿಕೊಂಡು ತೆರಕಣಾಂಬಿಗೆ ಹೊರಟಿದ್ದ. ಹೆಂಡತಿ ಶೋಭಳ ತವರು ಅಲ್ಲಿಯೇ. ಹಾಡಹಗಲು, ಒಣಗಿದ ರಸ್ತೆ. ಊರು ಇನ್ನೇನು ಸಿಗಬೇಕು, ಕುಮಾರ ತನ್ನ ಫೋನನ್ನು ಪರದೆಗೆ ಜೋಡಿಸಿದ. ಯಾರದೋ ಬೀಗರೂಟದ ವಿಡಿಯೋ. ಅದು ತೆರೆದುಕೊಂಡಿತು. ಬರಬಾರದಲ್ಲ, ಹೇಗೆ ಬಂತು — ಎಂದು ಮಾದೇವಸ್ವಾಮಿ ತಿರುಗಿ ನೋಡಿದ. ನೋಡಿ, ಆರಿಸಲು ಕೈ ಚಾಚಿದ. ರಸ್ತೆ ಬದಿಯಲ್ಲಿ ಬಾಳೆಗೊನೆ ತುಂಬಿಕೊಂಡು ನಿಂತಿದ್ದ ಟ್ರ್ಯಾಕ್ಟರಿನ ಹಿಂಬದಿಗೆ ಗಾಡಿಯ ಎಡಭಾಗ ಹೊಕ್ಕಿತು.

ಕುಮಾರ ಅಲ್ಲೇ ಹೋದ. ಓಡಿಬಂದವರು ಕಂಡದ್ದು ಇದು: ಗಾಜೆಲ್ಲ ಪುಡಿಯಾಗಿದೆ, ಪರದೆಯಲ್ಲಿ ಮಾತ್ರ ಜನ ಸಾಲಾಗಿ ಕೂತು ಇನ್ನೂ ಉಣ್ಣುತ್ತಿದ್ದಾರೆ. ಆಗ ಗಾಡಿ ನಿಜವಾಗಿಯೂ ನಿಂತಿತ್ತು.

ಪಿಚ್ಚರ್ ನೋಡುತ್ತ ಗಾಡಿ ಓಡಿಸಿ ಬಾಮೈದನನ್ನು ಕೊಂದ ಎಂದು ಊರು ತೀರ್ಮಾನಿಸಿತು. ಅವನೊಬ್ಬನೇ ಬೇರೆ ಮಾತು ಹೇಳುತ್ತಿದ್ದ. ಹಾಗೆ ಬರದಂತೆ ಮಾಡಿಸಿದ್ದೆ, ಬೇಕಾದರೆ ಶಿವಣ್ಣನನ್ನು ಕೇಳಿ ಎಂದು.

ಕೇಳಲು ಬಂದೇಬಿಟ್ಟರು. ಅವನ ಮಾವ ಸಿದ್ದಪ್ಪ, ಜೊತೆಗೆ ಊರಿನ ಇಬ್ಬರು ಹಿರಿಯರು, ಕೈಗೆ ಪಟ್ಟಿ ಹಾಕಿಕೊಂಡ ಮಾದೇವಸ್ವಾಮಿ. ಬಾಗಿಲಾಚೆ ಶೋಭ, ಕಂಕುಳಲ್ಲಿ ಮಗು. ಸಿದ್ದಪ್ಪ ಕೂರಲಿಲ್ಲ.

"ಶಿವಣ್ಣೋರೆ, ನೀವು ಹಿರೀಕ್ರು. ಪಿಚ್ಚರ್ ಬರ್ದಂಗೆ ಮಾಡ್ಕೊಡಿ ಅಂತ ಇಂವ ಹೇಳಿದ್ದು ದಿಟವಾ? ನೀವು ಹಂಗೇ ಮಾಡ್ಕೊಟ್ಟಿದ್ರಾ?"

ಮಾದೇವಸ್ವಾಮಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಅನುಮಾನವಿರಲಿಲ್ಲ — ಅದನ್ನೇ ನಾನು ಇವತ್ತಿಗೂ... ಅಂಗಡಿ, ಪೊಲೀಸು, ನಾನು ಬೋಲ್ಟಿಗೆ ಬಿಗಿದುಕೊಟ್ಟ ಊರಿನ ಅಷ್ಟೂ ಗಾಡಿಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹೇಳಿದೆ:

"ಹೇಳಿದ್ದ. ನಾನೂ ಸರಿಯಾಗೇ ಹಾಕ್ಕೊಟ್ಟಿದ್ದೆ. ಆಮ್ಯಾಲೆ ಎಲ್ಲಿ ಬದ್ಲಾಯಿಸ್ಕಂಡ್ನೋ ನಂಗೊತ್ತಿಲ್ಲ."

"ಅಣ್ಣಾ, ನಾನ್ ಎಲ್ಲೂ ಮುಟ್ಟಿಸ್ನಿಲ್ಲ ಕಣಣ್ಣ" ಎಂದ ಮಾದೇವಸ್ವಾಮಿ. ಅಷ್ಟೇ. ಶೋಭ ಒಳಗೆ ಬರಲಿಲ್ಲ. ಹೋಗಿ ಆಟೋದಲ್ಲಿ ಕೂತಳು. ಅವಳು ಉಮ್ಮತ್ತೂರಿಗೆ ಹೋಗಲಿಲ್ಲ, ತವರಿಗೆ ಹೋದಳು.

ಮುಂದಿನದನ್ನು ಸ್ಟ್ಯಾಂಡಿನ ಡ್ರೈವರುಗಳು ಹೇಳಿದರು. ತಪ್ಪು ಒಪ್ಪಿಕೊಂಡು ಮಾವನ ಕಾಲು ಹಿಡಿ, ಹೆಂಡತಿ ಮಗುವನ್ನು ಕಳಿಸುತ್ತಾರೆ ಎಂದು ಹಿರಿಯರು ಬುದ್ಧಿ ಹೇಳಿದರಂತೆ. ಅವನು ತೆರಕಣಾಂಬಿಗೆ ಹೋಗಿ, ಸಿದ್ದಪ್ಪನ ಕಾಲು ಹಿಡಿದು, ಮಾಡದ ತಪ್ಪನ್ನು ಒಪ್ಪಿಕೊಂಡ. ನಾನೇ ಬದ್ಲಾಯಿಸಿದ್ದೆ, ಪಿಚ್ಚರ್ ನೋಡ್ಬೇಕು ಅಂತ — ಎಂದ. ಅಷ್ಟು ದಿನವೂ ಸುಳ್ಳು ಹೇಳಿದನಲ್ಲ ಎಂದು ಅವರು ಬಾಗಿಲು ಹಾಕಿಕೊಂಡರು. ಒಪ್ಪಿಕೊಂಡದ್ದಕ್ಕೇ ಅವನ ಸಂಸಾರ ಮುಗಿಯಿತು.

ಆಗಲೇ ನಾನು ತೆರಕಣಾಂಬಿಯ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಆಮೇಲಿನಿಂದ ಆ ವೈರನ್ನು ಹ್ಯಾಂಡ್‌ಬ್ರೇಕಿಗೇ ಒಯ್ಯುತ್ತಿದ್ದೇನೆ. ಇದು ಹೆಗ್ಗಳಿಕೆಯಲ್ಲ, ಗಿರಾಕಿಗಳು ಹಾಗೇ ಮುಂದಿನ ಅಂಗಡಿಗೆ ಹೋಗಿ ಬಿಚ್ಚಿಸಿಕೊಳ್ಳುತ್ತಾರೆ. ಹೀಗೆ ನನ್ನ ಪ್ರಾಯಶ್ಚಿತ್ತದಿಂದ ಲಾಭವಾದದ್ದು ಪಕ್ಕದವನಿಗೆ.

ಹೋದ ತಿಂಗಳು ತೆರಕಣಾಂಬಿಗೆ ಹೋದೆ. ಸಿದ್ದಪ್ಪ ಹೊಲದಲ್ಲಿ ಚೆಂಡು ಹೂವು ಕೀಳುತ್ತಿದ್ದ. ಆಚೆ ಸಾಲಿನಲ್ಲಿ ಶೋಭ. ನಿಂತಲ್ಲೇ ಎಲ್ಲ ಹೇಳಿದೆ. ವೈರು, ಬೋಲ್ಟು, ಆವತ್ತಿನ ಮಾತು — ಒಂದನ್ನೂ ಬಿಡಲಿಲ್ಲ. ಸಿದ್ದಪ್ಪ ಕೇಳಿಸಿಕೊಂಡ.

"ಅಂವ ಕಳಿಸಿದ್ನಾ ನಿಮ್ಮನ್ನ?"

"ಇಲ್ಲ ಸಿದ್ದಪ್ಪ. ನಾನಾಗೇ ಬಂದೆ."

"ನನ್ ಕಾಲ್ ಹಿಡ್ದು ಅವನೇ ಒಪ್ಕಂಡವ್ನೆ. ಈ ವಯಸ್ನಲ್ಲಿ ಅವನ್ ಸಲ್ವಾಗಿ ನೀವ್ಯಾಕೆ ಸುಳ್ ಹೇಳೀರಿ? ಓಗಿ, ಬಸ್ ಬರೊ ಹೊತ್ತಾಯ್ತು."

ಶೋಭ ತಲೆಯೆತ್ತಿ ನೋಡಿದಳು. "ಅವತ್ತು ಹೇಳಿದ್ದು ಸುಳ್ಳಾ ಯಜಮಾನ್ರೇ, ಇವತ್ತು ಹೇಳ್ತಿರೋದು ಸುಳ್ಳಾ?"

ಅವತ್ತಿನದು ಎಂದೆ. ಆದರೆ ಎರಡೂ ಇದೇ ಬಾಯಿಂದ, ಇದೇ ದನಿಯಲ್ಲಿ ಬಂದಿದ್ದವು. ಅವಳು ಮತ್ತೆ ಹೂವಿಗೆ ಬಾಗಿದಳು.

ಮಾದೇವಸ್ವಾಮಿ, ಬಾಯಿಮಾತಿಗೆ ಬೆಲೆಯಿಲ್ಲದ್ದರಿಂದ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ನೀನು ಹೇಳಿದ್ದೆಲ್ಲ ನಿಜ, ಒಪ್ಪಿಕೊಂಡದ್ದೊಂದನ್ನು ಬಿಟ್ಟು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದನ್ನೂ ನೀನೇ ಹೊರಬೇಕಾಗುತ್ತದೆ.

ಶೋಭ ಮಗುವಿನೊಂದಿಗೆ ತೆರಕಣಾಂಬಿಯಲ್ಲೇ ಇದ್ದಾಳೆ. ಮಾದೇವಸ್ವಾಮಿ ವಯನಾಡಿನ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಿದ್ದಾನೆ.