ಗಾರೆಗೆ ಕೊಟ್ಟ ಬೆಲ್ಲ

ಇಟ್ಟಿಗೆ ರಾಶಿಯ ಮರೆಯಲ್ಲಿ ನಿಂತಿದ್ದೆ. ನಮ್ಮ ಮೇಸ್ತ್ರಿ ಸುತ್ತ ಕಣ್ಣಾಡಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿದ್ದ ಮಡಕೆಗೆ ಕೈಯದ್ದಿ ಬಾಯಿಗಿಟ್ಟ. ಸಿಕ್ಕಿಬಿದ್ದ ಕಳ್ಳ! ಆಗೆಲ್ಲ ಸಿಮೆಂಟಿಗೆ ಸರ್ಕಾರದ ಪರ್ಮಿಟ್ ಬೇಕಿತ್ತು; ಅದು ಸಿಗದೆ ಕೊಯಮತ್ತೂರಿನ ನಮ್ಮ ಮನೆಯನ್ನು ಸುಣ್ಣದ ಗಾರೆಯಲ್ಲೇ ಕಟ್ಟಿಸುತ್ತಿದ್ದೆವು. ಗಾರೆ ಗಟ್ಟಿಯಾಗಲೆಂದು ಅದಕ್ಕೆ ಬೆರೆಸಲು ಮಡಕೆಯ ಆ ನೀರು. ಬೆಲ್ಲ ಬೇಗ ಖಾಲಿಯಾಗುತ್ತಿದೆ ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು.

“ಏನ್ ಮೇಸ್ತ್ರಿ, ಗೋಡೆಗೆ ಕೊಟ್ಟ ಬೆಲ್ಲ ಹೊಟ್ಟೆಗೆ ಹೋಗ್ತಿದೆಯಾ?”

ಅವನು ನನ್ನ ಅಂಗೈಗೂ ನಾಲ್ಕು ಹನಿ ಹಾಕಿದ. ನೆಕ್ಕಿದೆ. ಬರೀ ಹುಳಿ, ಒಗರು.

“ಸಿಹಿ ಹೋಗಿ ಹುಳಿ ಬಂದ್ಮೇಲೇ ಸುಣ್ಣಕ್ಕೆ ಹಾಕೋದು ಸಾಮಿ. ನಾಲಿಗೇಲಿ ನೋಡದೆ ಹೇಗೆ ಗೊತ್ತಾಗ್ಬೇಕು?”

ಮರುದಿನದಿಂದ ಮನೆ ಮುಗಿಯುವವರೆಗೂ, ನಾನು ರುಚಿ ನೋಡಿ ಹೂಂ ಅನ್ನದೆ ಅವನು ಗಾರೆ ಕಲಸಲೇ ಇಲ್ಲ. ದಿನಾ ಬೆಳಿಗ್ಗೆ ಆಳುಗಳೆಲ್ಲರ ಮುಂದೆ ಅಂಗೈ ಚಾಚಿ ನಿಲ್ಲುತ್ತಿದ್ದೆ.